ವಕೀಲರಿಗೆ ಹೇಳಿದ ಗುಟ್ಟು ಯಾರದ್ದು?

ವಕೀಲರ ಹತ್ರ, ಡಾಕ್ಟರ್ ಹತ್ರ ಸುಳ್ಳು ಹೇಳಬಾರದು. ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತಿದು. ಒಂದು ಕಡೆ ಸುಳ್ಳು ಹೇಳಿದರೆ ಪ್ರಾಣ ಹೋಗುತ್ತೆ, ಇನ್ನೊಂದು ಕಡೆ ಆಸ್ತಿ ಹೋಗುತ್ತೆ. ಸರಿ, ನಿಜವನ್ನೇ ಹೇಳಿದ್ವಿ ಅಂತ ಇಟ್ಟುಕೊಳ್ಳಿ. ಆ ನಿಜ ವಕೀಲರ ಆಫೀಸಿನಲ್ಲೇ ಉಳಿಯುತ್ತಾ? ನಾಳೆ ಎದುರು ಪಾರ್ಟಿಯವರು, "ಸ್ವಾಮಿ, ಇವರ ವಕೀಲರನ್ನೇ ಸಾಕ್ಷಿಕಟ್ಟೆಗೆ ಕರೆಸಿ, ಇವರು ಅವರ ಹತ್ರ ಏನು ಒಪ್ಪಿಕೊಂಡಿದ್ದರು ಅಂತ ಕೇಳಿ" ಅಂತ ಅರ್ಜಿ ಹಾಕಿದರೆ ಗತಿ ಏನು?

ಇವತ್ತು ಮಾತಾಡಬೇಕಿರೋದು ಇದನ್ನೇ. ಕೊಲೆ, ದರೋಡೆ ಕೇಸುಗಳ ಬಗ್ಗೆ ಅಲ್ಲ. ಅಣ್ಣ ತಮ್ಮಂದಿರ ಪಾಲಿನ ಕೇಸು, ಸೈಟಿನ ಕೇಸು, ಬಾಡಿಗೆ ಕೇಸು, ಗಂಡ ಹೆಂಡತಿಯ ವಿಚ್ಛೇದನದ ಕೇಸು. ಅಂದರೆ ನಮ್ಮ ನಿಮ್ಮ ಮನೆಗಳಿಂದ ಕೋರ್ಟಿಗೆ ಹೋಗೋ ಸಿವಿಲ್ ಕೇಸುಗಳ ಬಗ್ಗೆ. ಇಲ್ಲಿ ಯಾವ ಮಾತಿಗೆ ರಕ್ಷಣೆ ಇದೆ, ಯಾವುದಕ್ಕೆ ಇಲ್ಲ ಅನ್ನೋದು ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಾಗೋದು ಪಾಟೀಸವಾಲಿನಲ್ಲಿ ಸಿಕ್ಕಿಹಾಕಿಕೊಂಡ ಮೇಲೆ.

ಮೊದಲು ಡಾಕ್ಟರ್ ವಿಷಯ ಮುಗಿಸಿಬಿಡೋಣ. ಡಾಕ್ಟರ್ ಹತ್ರ ಹೇಳಿದ್ದನ್ನ ಅವರು ಊರಿಗೆಲ್ಲ ಹೇಳಿಕೊಂಡು ತಿರುಗೋ ಹಾಗಿಲ್ಲ, ಅದು ಅವರ ವೃತ್ತಿಧರ್ಮ. ಆದರೆ ನ್ಯಾಯಾಧೀಶರು ಆದೇಶ ಮಾಡಿದರೆ ಡಾಕ್ಟರ್ ಕೋರ್ಟಿನಲ್ಲಿ ಹೇಳಲೇಬೇಕು. ಸಾಕ್ಷ್ಯದ ಕಾನೂನಿನಲ್ಲಿ ಡಾಕ್ಟರ್–ರೋಗಿ ಮಾತಿಗೆ ಅಂತ ಪ್ರತ್ಯೇಕ ಕಲಂ ಇಲ್ಲ. ನಿಮ್ಮ ಲೆಕ್ಕಪತ್ರ ನೋಡೋ ಆಡಿಟರ್‌ಗೂ ಇಲ್ಲ. ಅಷ್ಟೇ ಯಾಕೆ, ಸುದ್ದಿಮೂಲ ಕಾಪಾಡ್ತೀವಿ ಅಂತ ಹೇಳೋ ನಮ್ಮಂಥ ಪತ್ರಕರ್ತರಿಗೂ ಇಲ್ಲ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯಲ್ಲಿ ಸುದ್ದಿಮೂಲಕ್ಕೆ ಒಂದಿಷ್ಟು ರಕ್ಷಣೆ ಇದೆ, ಅದು ಪ್ರೆಸ್ ಕೌನ್ಸಿಲ್ ಮುಂದೆ ಮಾತ್ರ. ಕೋರ್ಟಿನಲ್ಲಿ ಅಲ್ಲ.

ವೃತ್ತಿಯವರ ಪೈಕಿ ಕಾನೂನು ಬಾಯಿಗೆ ಬೀಗ ಹಾಕಿರೋದು ಒಬ್ಬರಿಗೆ. ವಕೀಲರಿಗೆ.

ಈ ಬೀಗ ಹೊಸದಲ್ಲ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 126ನೇ ಕಲಂನಲ್ಲೇ ಇತ್ತು. 2024ರ ಜುಲೈ 1ರಿಂದ ಆ ಹಳೇ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ 2023 ಬಂತು. ಕಲಂ ನಂಬರ್ ಬದಲಾಯ್ತು, 126 ಇದ್ದದ್ದು 132 ಆಯ್ತು, ತಿರುಳು ಅದೇ. ನೀವು ಕಕ್ಷಿದಾರರಾಗಿ ವಕೀಲರಿಗೆ ಹೇಳಿದ ಮಾತನ್ನ, ಅವರು ನಿಮಗೆ ಕೊಟ್ಟ ಸಲಹೆಯನ್ನ, ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಅವರು ಹೊರಗೆ ಹಾಕೋ ಹಾಗಿಲ್ಲ. ಕೇಸು ಮುಗಿದ ಮೇಲೂ ಹಾಕೋ ಹಾಗಿಲ್ಲ. ನೀವು ಫೈಲ್ ವಾಪಸ್ ತಗೊಂಡು ಬೇರೆ ವಕೀಲರ ಹತ್ರ ಹೋದ ಮೇಲೂ ಹಾಕೋ ಹಾಗಿಲ್ಲ. ಅವರ ಗುಮಾಸ್ತರಿಗೂ ಇದೇ ನಿಯಮ. ಭಾಷಾಂತರ ಮಾಡಿಕೊಟ್ಟವರಿಗೂ ಇದೇ ನಿಯಮ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದು ವಕೀಲರಿಗೆ ಕೊಟ್ಟ ಸವಲತ್ತಲ್ಲ, ನಿಮಗೆ ಕೊಟ್ಟ ಹಕ್ಕು. ವಕೀಲರು ಅದರ ಕಾವಲುಗಾರರು ಅಷ್ಟೇ. ಬೀಗದ ಕೈ ಇರೋದು ಕಕ್ಷಿದಾರನ ಕೈಯಲ್ಲಿ.

2025ರಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ದೊಡ್ಡದಾಗಿ ಬಂತು. ಗುಜರಾತಿನಲ್ಲಿ ಒಬ್ಬ ವಕೀಲರಿಗೆ ಅವರ ಕಕ್ಷಿದಾರನ ವಿಷಯದಲ್ಲಿ ಪೊಲೀಸರು ನೋಟಿಸ್ ಕೊಟ್ಟರು. ಅದೇ ಹೊತ್ತಿಗೆ ಜಾರಿ ನಿರ್ದೇಶನಾಲಯ, ಅಂದರೆ ಇ.ಡಿ., ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಅರವಿಂದ ದಾತಾರ್ ಮತ್ತು ಪ್ರತಾಪ್ ವೇಣುಗೋಪಾಲ್ ಅವರಿಗೆ ಸಮನ್ಸ್ ಕೊಟ್ಟು, ಗಲಾಟೆ ಆದ ಮೇಲೆ ವಾಪಸ್ ತಗೊಂಡಿತು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2025ರ ಅಕ್ಟೋಬರ್ 31ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರಿದ್ದ ಮೂವರ ಪೀಠ ತೀರ್ಪು ಕೊಟ್ಟಿತು. 132ನೇ ಕಲಂ ಕಕ್ಷಿದಾರನಿಗೆ ಕೊಟ್ಟ ರಕ್ಷಣೆ, ಅವನು ಎದುರಿಗಿಲ್ಲದಾಗ ಅವನ ಪರವಾಗಿ ವಕೀಲರು ಅದನ್ನ ಹೇಳಿಕೊಳ್ಳಬಹುದು ಅಂತ ಸ್ಪಷ್ಟ ಮಾಡಿತು. ಕಕ್ಷಿದಾರನ ಕೇಸಿನ ವಿವರ ತಿಳಿಯೋದಕ್ಕೆ ಅಂತ ವಕೀಲರನ್ನ ಠಾಣೆಗೆ ಕರೆಯೋ ಹಾಗಿಲ್ಲ. ಕಾನೂನಿನಲ್ಲೇ ಇರೋ ಅಪವಾದಕ್ಕೆ ಒಳಪಟ್ಟಿದ್ದರೆ ಮಾತ್ರ ಕರೆಯಬಹುದು, ಅದೂ ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಮೇಲಧಿಕಾರಿಯ ಲಿಖಿತ ಒಪ್ಪಿಗೆ ಪಡೆದು.

ಹಾಗಾದರೆ ಆ ಅಪವಾದ ಯಾವುದು? ಇದಕ್ಕೆ 1872ರ ಕಾಯ್ದೆಯಲ್ಲೇ ಚಂದದ ಉದಾಹರಣೆ ಕೊಟ್ಟಿದ್ದಾರೆ. ಒಬ್ಬ ಬಂದು, "ನಾನು ಫೋರ್ಜರಿ ಮಾಡಿಬಿಟ್ಟಿದ್ದೀನಿ, ನನ್ನ ಪರ ವಾದ ಮಾಡಿ" ಅಂತ ಕೇಳ್ತಾನೆ. ಅದಕ್ಕೆ ರಕ್ಷಣೆ ಇದೆ. ತಪ್ಪು ಮಾಡಿದವನಿಗೂ ವಕೀಲ ಬೇಕು. ಇನ್ನೊಬ್ಬ ಬಂದು, "ನನ್ನ ಹತ್ರ ಖೊಟ್ಟಿ ಪತ್ರ ಇದೆ, ಇದನ್ನ ಇಟ್ಟುಕೊಂಡು ಆ ಆಸ್ತಿ ಹೊಡೀಬೇಕು, ದಾವೆ ಹಾಕಿಕೊಡಿ" ಅಂತಾನೆ. ಅದಕ್ಕೆ ರಕ್ಷಣೆ ಇಲ್ಲ. ಆಗಿಹೋದ ತಪ್ಪಿಗೆ ಸಲಹೆ ಕೇಳೋದು ಬೇರೆ, ಮುಂದೆ ಮಾಡೋ ಮೋಸಕ್ಕೆ ವಕೀಲರನ್ನೇ ಆಯುಧ ಮಾಡಿಕೊಳ್ಳೋದು ಬೇರೆ. ಬೆಂಗಳೂರಿನ ಸುತ್ತಮುತ್ತ ಒಂದೇ ಸೈಟಿಗೆ ಇಬ್ಬರು ಮೂವರು ಕ್ರಯಪತ್ರ ಹಿಡಕೊಂಡು ಬರೋ ಈ ಕಾಲದಲ್ಲಿ, ನೂರೈವತ್ತು ವರ್ಷದ ಹಿಂದಿನ ಆ ಉದಾಹರಣೆ ನಿನ್ನೆ ಬರೆದ ಹಾಗಿದೆ.

ಈಗ ಜನ ಹೆಚ್ಚಾಗಿ ಎಡವೋ ಜಾಗಕ್ಕೆ ಬರ್ತೀನಿ.

ಒಂದು ಮನೆ ತಗೊಳ್ಳಿ. ತಂದೆ ಬಿಟ್ಟುಹೋದ ನಾಲ್ಕು ಎಕರೆ ಜಮೀನು. ಅಣ್ಣ ಹಿಂದೆ ಯಾವತ್ತೋ ದುಡ್ಡು ತಗೊಂಡು, ತನ್ನ ಭಾಗಕ್ಕೆ ಹಕ್ಕಿಲ್ಲ ಅಂತ ಕಾಗದಕ್ಕೆ ಸಹಿ ಹಾಕಿಕೊಟ್ಟಿದ್ದಾನೆ. ಈಗ ರಸ್ತೆ ಬಂತು, ರೇಟು ಏರಿತು, ಪಾಲು ಬೇಕು ಅಂತ ದಾವೆ ಹಾಕ್ತಾನೆ. ವಕೀಲರ ಹತ್ರ ಕೂತು ಎಲ್ಲ ಹೇಳಿ, ಆ ಕಾಗದದ ನಕಲನ್ನೂ ಕೊಡ್ತಾನೆ. "ವಕೀಲರ ಹತ್ರ ಕೊಟ್ಟಿದ್ದೀನಲ್ಲ, ಇನ್ನು ಅದು ಹೊರಗೆ ಬರಲ್ಲ" ಅಂತ ನೆಮ್ಮದಿಯಾಗಿ ಮನೆಗೆ ಹೋಗ್ತಾನೆ.

ಅವನ ಲೆಕ್ಕ ತಪ್ಪು. ವಕೀಲರಿಗೆ ಹೇಳಿದ ಮಾತಿಗೆ ರಕ್ಷಣೆ ಇದೆ, ಆ ಕಾಗದಕ್ಕೆ ಇಲ್ಲ. ಕಾಗದ ನಿಮ್ಮ ಬೀರುವಿನಲ್ಲಿ ಇರಲಿ, ವಕೀಲರ ಟೇಬಲ್ ಮೇಲೆ ಇರಲಿ, ಕೋರ್ಟ್ ತನ್ನಿ ಅಂದರೆ ತರಬೇಕು. 2025ರ ತೀರ್ಪಿನಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ವಕೀಲರ ಹತ್ರ ಇರೋ ದಾಖಲೆಗೆ 132ನೇ ಕಲಂ ಅಡ್ಡ ಬರಲ್ಲ, ಸಿವಿಲ್ ಕೇಸಿನಲ್ಲಾಗಲಿ ಕ್ರಿಮಿನಲ್ ಕೇಸಿನಲ್ಲಾಗಲಿ. ಆಕ್ಷೇಪಣೆ ಇದ್ದರೆ ಕೋರ್ಟಿನ ಮುಂದೆ ಹೇಳಿ, ಕೋರ್ಟ್ ತೀರ್ಮಾನ ಮಾಡುತ್ತೆ. ವ್ಯಾಪಾರದ ದಾವೆಗಳಲ್ಲಂತೂ ಇನ್ನೂ ಬಿಗಿ. ವಿವಾದದ ಮೌಲ್ಯ 3 ಲಕ್ಷ ರೂಪಾಯಿ ದಾಟಿ ಕಮರ್ಷಿಯಲ್ ಕೋರ್ಟಿಗೆ ಹೋದರೆ, ನಿಮ್ಮ ಹತ್ರ ಇರೋ ಸಂಬಂಧಪಟ್ಟ ದಾಖಲೆಗಳನ್ನೆಲ್ಲ ನೀವಾಗಿಯೇ ಮುಂದಿಡಬೇಕು. ನಿಮಗೆ ವಿರುದ್ಧವಾಗಿರೋದನ್ನೂ ಸೇರಿಸಿ.

ಎರಡನೇ ಎಡವಟ್ಟು ಮೊಬೈಲಿನದ್ದು. ವಕೀಲರು ಕೇಸಿನ ಬಗ್ಗೆ ಒಂದು ವಾಯ್ಸ್ ಮೆಸೇಜ್ ಕಳಿಸ್ತಾರೆ. "ಆ ಕಾಗದ ನಮಗೆ ತೊಂದರೆ ಕೊಡುತ್ತೆ, ಹುಷಾರು" ಅಂತ. ಅಣ್ಣ ಏನು ಮಾಡ್ತಾನೆ? ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡ್ತಾನೆ! ಆ ಗ್ರೂಪಿನಲ್ಲಿ ಭಾವಮೈದುನ ಇದ್ದಾನೆ, ಷಡ್ಡಕ ಇದ್ದಾನೆ. ಅವರು ವಕೀಲರೂ ಅಲ್ಲ, ವಕೀಲರ ಗುಮಾಸ್ತರೂ ಅಲ್ಲ. ನಾಳೆ ಅವರಲ್ಲೇ ಒಬ್ಬ ತಮ್ಮನ ಕಡೆ ವಾಲಿದರೆ? ಅವನನ್ನ ಸಾಕ್ಷಿ ಹೇಳದ ಹಾಗೆ ತಡೆಯೋದಕ್ಕೆ 132ನೇ ಕಲಂನಲ್ಲಿ ಏನೂ ಇಲ್ಲ. ಬೀಗ ನಿಮ್ಮದೇ, ತೆಗೆದವರೂ ನೀವೇ.

ಮೂರನೆಯದು ಸಾಕ್ಷಿಕಟ್ಟೆಯಲ್ಲಿ ಆಗೋದು. ನಿಮ್ಮ ಮತ್ತು ನಿಮ್ಮ ವಕೀಲರ ನಡುವಿನ ಮಾತನ್ನ ಹೇಳಿ ಅಂತ ನಿಮ್ಮನ್ನೂ ಯಾರೂ ಬಲವಂತ ಮಾಡೋ ಹಾಗಿಲ್ಲ. ಅದು 134ನೇ ಕಲಂ. ಆದರೆ ನೀವೇ ಸಾಕ್ಷಿ ಹೇಳೋಕೆ ನಿಂತರೆ, ನೀವು ಹೇಳಿದ ಮಾತು ಅರ್ಥ ಆಗೋದಕ್ಕೆ ಎಷ್ಟು ಬೇಕೋ ಅಷ್ಟನ್ನ ಕೋರ್ಟ್ ಹೇಳಿಸಬಹುದು. ಪಾಟೀಸವಾಲಿನಲ್ಲಿ ಬಿಸಿ ತಟ್ಟಿದ ಕೂಡಲೇ ಎಷ್ಟೋ ಜನ, "ನನಗೇನೂ ಗೊತ್ತಿಲ್ಲ ಸ್ವಾಮಿ, ವಕೀಲರು ಹೇಳಿದ್ದಕ್ಕೆ ಸಹಿ ಹಾಕಿದೆ" ಅಂದುಬಿಡ್ತಾರೆ. ಹಾಗಾದರೆ ವಕೀಲರು ಏನು ಹೇಳಿದರು ಅನ್ನೋ ಪ್ರಶ್ನೆಗೆ ಬಾಗಿಲು ಅಲ್ಲೇ ತೆರೆದ ಹಾಗಾಯ್ತು.

ಬೆಂಗಳೂರಿನಂಥ ಊರಿನಲ್ಲಿ ಕಂಪನಿಗಳಲ್ಲಿ ಕೆಲಸ ಮಾಡೋರಿಗೂ ಒಂದು ಮಾತು. ಕಂಪನಿಯ ಸಂಬಳದಲ್ಲೇ ಇರೋ ಲೀಗಲ್ ಆಫೀಸರ್‌ಗೆ, ಇನ್‌ಹೌಸ್ ಕೌನ್ಸೆಲ್ ಅಂತೀವಲ್ಲ, ಅವರಿಗೆ 132ನೇ ಕಲಂನ ರಕ್ಷಣೆ ಸಿಗಲ್ಲ ಅಂತ ಅದೇ ತೀರ್ಪು ಹೇಳಿದೆ. ಕೋರ್ಟಿನಲ್ಲಿ ಸ್ವತಂತ್ರವಾಗಿ ವಕೀಲಿ ಮಾಡೋರಿಗೆ ಮಾತ್ರ ಅದು. 134ನೇ ಕಲಂ ಅಡಿ ಸೀಮಿತ ರಕ್ಷಣೆ ಇರಬಹುದು, ಅಷ್ಟೇ. ಕಂಪನಿ ಒಳಗಿನ ಇಮೇಲ್‌ಗಳಲ್ಲಿ ಮನಸ್ಸಿಗೆ ಬಂದದ್ದು ಬರೆಯೋರು ಇದನ್ನ ನೆನಪಿಟ್ಟುಕೊಳ್ಳಬೇಕು.

ಇನ್ನು ಗಂಡ ಹೆಂಡತಿ ವಿಷಯ. ಇದು ಇನ್ನೂ ಸೂಕ್ಷ್ಮ.

ಮದುವೆಯಾಗಿ ಇದ್ದಾಗ ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಹೇಳಿದ ಮಾತಿಗೂ ಕಾನೂನಿನಲ್ಲಿ ರಕ್ಷಣೆ ಇದೆ. ಹಳೇದರಲ್ಲಿ 122ನೇ ಕಲಂ, ಈಗ 128. ಆದರೆ ಆ ಕಲಂನ ಕೊನೆಯಲ್ಲೇ ಒಂದು ಬಾಗಿಲು ಇದೆ. ಗಂಡ ಹೆಂಡತಿಯೇ ಒಬ್ಬರ ಮೇಲೊಬ್ಬರು ಕೇಸು ಹಾಕಿಕೊಂಡಿದ್ದರೆ ಆ ರಕ್ಷಣೆ ಇಲ್ಲ. ಅಂದರೆ ಮೂರನೆಯವರ ಕೇಸಿನಲ್ಲಿ ನಿಮ್ಮ ಮನೆ ಮಾತು ಹೊರಗೆ ಬರಲ್ಲ, ನಿಮ್ಮದೇ ವಿಚ್ಛೇದನದ ಕೇಸಿನಲ್ಲಿ ಬರಬಹುದು.

ಮೊಬೈಲ್ ಬಂದ ಮೇಲೆ ಈ ಬಾಗಿಲು ಎಷ್ಟು ಅಗಲ ಅನ್ನೋ ಪ್ರಶ್ನೆ ಎದ್ದಿತು. ಪಂಜಾಬಿನ ಬಟಿಂಡಾದ ಕೌಟುಂಬಿಕ ನ್ಯಾಯಾಲಯದಲ್ಲಿ ಒಬ್ಬ ಗಂಡ, ಹೆಂಡತಿಗೆ ಗೊತ್ತಿಲ್ಲದ ಹಾಗೆ ರೆಕಾರ್ಡ್ ಮಾಡಿದ ಫೋನ್ ಮಾತುಗಳನ್ನ ಸಾಕ್ಷಿಯಾಗಿ ಕೊಟ್ಟ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2021ರಲ್ಲಿ ಇದು ಆಕೆಯ ಖಾಸಗಿತನದ ಉಲ್ಲಂಘನೆ, ಆಗಲ್ಲ ಅಂದಿತು. 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿ, ಆಗುತ್ತೆ ಅಂದಿತು. ತೀರ್ಪು ಕೊಟ್ಟ ಪೀಠದಲ್ಲಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ. ಹೀಗೆ ಮಾಡಿದರೆ ಸಂಸಾರದಲ್ಲಿ ಬೇಹುಗಾರಿಕೆ ಶುರುವಾಗುತ್ತೆ ಅನ್ನೋ ವಾದಕ್ಕೆ ಅವರ ಉತ್ತರ ಇಷ್ಟು. ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಕಣ್ಣಿಡೋ ಹಂತಕ್ಕೆ ಬಂದಿದ್ದಾರೆ ಅಂದರೆ ಆ ಸಂಬಂಧ ಆಗಲೇ ಮುರಿದಿದೆ, ರೆಕಾರ್ಡಿಂಗ್ ಅದರ ಲಕ್ಷಣ, ಕಾರಣ ಅಲ್ಲ.

ವಾದದಲ್ಲಿ ಹುರುಳಿದೆ, ಒಪ್ಪೋಣ. ನಾಲ್ಕು ಗೋಡೆ ಮಧ್ಯೆ ನಡೆಯೋ ಕ್ರೌರ್ಯಕ್ಕೆ ಸಾಕ್ಷಿ ಎಲ್ಲಿಂದ ತರಬೇಕು? ಪೆಟ್ಟು ತಿನ್ನೋ ಹೆಣ್ಣುಮಗಳಿಗೆ ಆ ಫೋನ್ ಒಂದೇ ಸಾಕ್ಷಿ ಆಗಿರಬಹುದು. ಆದರೆ ಇನ್ನೊಂದು ಮುಖವೂ ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಕೇಸು ಹಾಕಿದವರು ಯಾರು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯದಲ್ಲಿ ಸರ್ಕಾರದ ವಿರುದ್ಧ ಆ ವಯಸ್ಸಿನಲ್ಲಿ ಕೋರ್ಟಿಗೆ ಹೋಗಿ ಗೆದ್ದುಕೊಟ್ಟ ಹಕ್ಕು ಅದು. ಸರ್ಕಾರದ ಎದುರು ಇರೋ ಆ ಹಕ್ಕು ಮಲಗೋ ಕೋಣೆಯಲ್ಲಿ ತೆಳುವಾಯ್ತಲ್ಲ ಅನ್ನೋ ಕಳವಳ ನನಗಿದೆ. ಫೋನ್ ಇಬ್ಬರ ಹತ್ರಾನೂ ಇರಬಹುದು. ಆದರೆ ದುಡ್ಡಿದ್ದವರು, ತಂತ್ರಜ್ಞಾನ ಗೊತ್ತಿದ್ದವರು ಮೊದಲು ರೆಕಾರ್ಡ್ ಮಾಡ್ತಾರೆ. ತಮಗೆ ಬೇಕಾದ ಹಾಗೆ ಎದುರಿನವರನ್ನ ಕೆರಳಿಸಿ ರೆಕಾರ್ಡ್ ಮಾಡ್ತಾರೆ.

ಹಾಗಂತ ರೆಕಾರ್ಡಿಂಗ್ ಕೊಟ್ಟ ತಕ್ಷಣ ಕೇಸು ಗೆದ್ದ ಹಾಗಲ್ಲ. ಧ್ವನಿ ಯಾರದ್ದು, ಕತ್ತರಿಸಿ ಜೋಡಿಸಿದ್ದಾ, 63ನೇ ಕಲಂ ಪ್ರಕಾರ ಪ್ರಮಾಣಪತ್ರ ಇದೆಯಾ, ಎಲ್ಲ ನೋಡಬೇಕು. ಸಾಕ್ಷಿ ಅಂತ ತಗೊಳ್ಳೋದು ಬೇರೆ, ಅದನ್ನ ನಂಬೋದು ಬೇರೆ.

ಅದಕ್ಕಿಂತ ಮುಖ್ಯವಾದ ಮಾತು ನಮ್ಮ ಮಾಧ್ಯಮಕ್ಕೂ ಸೇರಿದ್ದು. ಕೋರ್ಟಿಗೆ ಕೊಡಬಹುದು ಅಂದ ಮಾತ್ರಕ್ಕೆ ಊರಿಗೆ ಕೇಳಿಸಬಹುದು ಅಂತಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಪ್ರಕಾರ ಇಂಥ ಕೇಸುಗಳ ವಿಚಾರಣೆ ಬಾಗಿಲು ಮುಚ್ಚಿ ನಡೀಬೇಕು. ಅಲ್ಲಿ ನಡೆದದ್ದನ್ನ ಅಚ್ಚು ಹಾಕೋದು, ಪ್ರಕಟಿಸೋದು ಕಾನೂನುಬಾಹಿರ. ಮುರಿದರೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 1,000 ರೂಪಾಯಿ. ಒಂದು ಸಂಸಾರದ ಮಾನಕ್ಕೆ ಕಾನೂನು ಕಟ್ಟಿದ ಬೆಲೆ ಅದು! ದಂಡ ಚಿಕ್ಕದು ಅಂತ ತಪ್ಪು ಚಿಕ್ಕದಾಗಲ್ಲ. ಗಂಡ ಹೆಂಡತಿ ಜಗಳದ ಆಡಿಯೋ ಸಿಕ್ಕಿತು ಅಂತ "ಎಕ್ಸ್‌ಕ್ಲೂಸಿವ್" ಪಟ್ಟಿ ಹಾಕೋ ಯಾವ ವಾಹಿನಿಯೇ ಆಗಲಿ, ನೋಡೋರೇ ಆಗಲಿ, ಆ ಮನೆಯಲ್ಲಿ ಶಾಲೆಗೆ ಹೋಗೋ ಮಗು ಇದೆ ಅನ್ನೋದನ್ನ ಒಂದು ನಿಮಿಷ ಯೋಚಿಸಬೇಕು.

ಸಿವಿಲ್ ಕೋರ್ಟಿನಲ್ಲಿ ಇನ್ನೊಂದು ಮುಚ್ಚಿದ ಕೋಣೆ ಇದೆ. ಮೀಡಿಯೇಶನ್ ಕೋಣೆ, ಮಧ್ಯಸ್ಥಿಕೆ ಕೇಂದ್ರ. ಅಣ್ಣ ತಮ್ಮ ಎದುರುಬದುರು ಕೂರ್ತಾರೆ, ಮಧ್ಯಸ್ಥಗಾರರು ಇಬ್ಬರನ್ನೂ ಮಾತಾಡಿಸ್ತಾರೆ. ಅಣ್ಣ ಅಲ್ಲಿ, "ಆಯ್ತು, ಒಂದು ಎಕರೆ ಬಿಟ್ಟುಕೊಡ್ತೀನಿ" ಅಂತಾನೆ. ರಾಜಿ ಮುರಿದು ಬಿತ್ತು. ತಮ್ಮ ಕೋರ್ಟಿಗೆ ಬಂದು, "ಒಂದು ಎಕರೆ ನನ್ನದು ಅಂತ ಇವನೇ ಒಪ್ಪಿದ್ದಾನೆ" ಅನ್ನಬಹುದಾ? ಆಗಲ್ಲ. ರಾಜಿಗಾಗಿ ಆಡಿದ ಮಾತು ಆ ಕೋಣೆಯಲ್ಲೇ ಉಳೀಬೇಕು. ರಾಜಿ ಆಗದಿದ್ದರೆ ಮಧ್ಯಸ್ಥಗಾರರು "ಮಧ್ಯಸ್ಥಿಕೆ ಫಲಿಸಲಿಲ್ಲ" ಅಂತ ಒಂದು ಸಾಲು ಮಾತ್ರ ಬರೆದು ಕಳಿಸಬೇಕು, ಯಾರು ಏನು ಹೇಳಿದರು ಅಂತ ವರದಿ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರ ಡಿಸೆಂಬರ್‌ನಲ್ಲೇ ಹೇಳಿದೆ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಂಸತ್ತೂ ಅದನ್ನೇ ಬರೆದಿದೆ. ಆ ಮಾತುಕತೆಯನ್ನ ಆಡಿಯೋ, ವಿಡಿಯೋ ಮಾಡಬಾರದು ಅಂತಲೂ ಸೇರಿಸಿದೆ. ಬಿಟ್ಟುಕೊಡ್ತೀನಿ ಅಂದ ಮಾತೇ ನಾಳೆ ಕೊರಳಿಗೆ ಉರುಳಾಗುತ್ತೆ ಅಂದರೆ ಯಾವ ಅಣ್ಣ ಬಿಟ್ಟುಕೊಡೋ ಮಾತಾಡ್ತಾನೆ ಹೇಳಿ?

ಸರ್ಕಾರವೂ ಕೋರ್ಟಿನಲ್ಲಿ "ಇದು ಗುಟ್ಟು, ತೋರಿಸಲ್ಲ" ಅನ್ನೋದುಂಟು. ರಾಯ್‌ಬರೇಲಿ ಚುನಾವಣೆ ವಿಷಯದಲ್ಲಿ ಇಂದಿರಾ ಗಾಂಧಿ ವಿರುದ್ಧ ರಾಜ್ ನಾರಾಯಣ್ ಹಾಕಿದ ತಕರಾರು ಅರ್ಜಿಯಲ್ಲಿ, ಪ್ರಧಾನಿ ಪ್ರವಾಸದ ಭದ್ರತಾ ನಿಯಮಗಳ "ಬ್ಲೂ ಬುಕ್" ಕೊಡಲ್ಲ ಅಂತ ಸರ್ಕಾರ ಹಟ ಹಿಡಿಯಿತು. 1975ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಗುಟ್ಟು ಹೌದೋ ಅಲ್ಲವೋ ಅನ್ನೋ ಕೊನೆಯ ತೀರ್ಮಾನ ಕೋರ್ಟಿನದ್ದು, ಸರ್ಕಾರದ್ದಲ್ಲ ಅಂದಿತು. ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ, ಸರ್ಕಾರ ಮಾಡೋ ಸಾರ್ವಜನಿಕ ಕೆಲಸವನ್ನ ತಿಳಿಯೋ ಹಕ್ಕು ಜನಕ್ಕಿದೆ ಅಂತ ಬರೆದರು. 2023ರ ಏಪ್ರಿಲ್ 5ರಂದು ಮೀಡಿಯಾ ಒನ್ ಅನ್ನೋ ಮಲಯಾಳಂ ಸುದ್ದಿವಾಹಿನಿಯ ಕೇಸಿನಲ್ಲೂ, ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಗುಟ್ಟಾಗಿ ಕಾಗದ ಕೊಟ್ಟು ಎದುರಿನವರಿಗೆ ಉತ್ತರ ಹೇಳೋ ಅವಕಾಶ ತಪ್ಪಿಸೋದು ಸರಿಯಲ್ಲ ಅಂದಿತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸರ್ಕಾರದ ಕೈಯಲ್ಲಿ ಅಧಿಕಾರ ಇದೆ, ಅದರ ಗುಟ್ಟು ಕಡಿಮೆ ಇರಬೇಕು. ಸಾಮಾನ್ಯ ಮನುಷ್ಯನ ಕೈಯಲ್ಲಿ ಏನೂ ಇಲ್ಲ, ವಕೀಲರ ಎದುರು ಬಿಚ್ಚಿ ಮಾತಾಡೋ ಅವಕಾಶ ಒಂದೇ ಅವನಿಗೆ ಇರೋದು. ಅದನ್ನ ಉಳಿಸಬೇಕು. ವಕೀಲರ ಮೇಲೆ ನಂಬಿಕೆ ಹೋದರೆ ಜನ ಅರ್ಧ ಸತ್ಯ ಹೇಳ್ತಾರೆ. ಅರ್ಧ ಸತ್ಯದ ಮೇಲೆ ದಾವೆ ತಯಾರಾಗುತ್ತೆ. ಆ ದಾವೆ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಳುವಳಿಯಾಗಿ ಹೋಗುತ್ತೆ. ಪೂರ್ತಿ ಸತ್ಯ ಕೇಳಿದ ಒಳ್ಳೇ ವಕೀಲರು ಮೊದಲ ದಿನವೇ, "ಯಜಮಾನ್ರೇ, ನಿಮ್ಮ ಕೇಸಿನಲ್ಲಿ ಬಲ ಇಲ್ಲ, ತಮ್ಮನ ಜೊತೆ ಕೂತು ರಾಜಿ ಮಾಡಿಕೊಳ್ಳಿ" ಅಂತ ಹೇಳಿ ಕಳಿಸಬಹುದು. ಆ ಒಂದು ಮಾತಿನಿಂದ ಉಳಿಯೋ ವರ್ಷಗಳೆಷ್ಟು, ದುಡ್ಡೆಷ್ಟು!

ಹಾಗಾಗಿ ವಕೀಲರಿಗೂ ಒಂದು ಮಾತು. ಬಾರ್ ಕೌನ್ಸಿಲ್ ನಿಯಮಗಳಲ್ಲೇ ಇದೆ, ಒಂದು ಕೇಸಿನಲ್ಲಿ ಒಬ್ಬರಿಗೆ ಸಲಹೆ ಕೊಟ್ಟ ಮೇಲೆ ಅದೇ ವಿಷಯದಲ್ಲಿ ಎದುರಿನವರ ಪರ ವಕಾಲತ್ತು ಹಾಕೋ ಹಾಗಿಲ್ಲ. ತಾಲ್ಲೂಕು ಕೋರ್ಟುಗಳಲ್ಲಿ ಎಲ್ಲರೂ ಎಲ್ಲರಿಗೂ ಪರಿಚಯ. ಬಾರ್ ರೂಮಿನಲ್ಲಿ ಟೀ ಕುಡೀತಾ ಆಡಿದ ಮಾತು ಸಂಜೆ ಹೊತ್ತಿಗೆ ಬಸ್ ಸ್ಟ್ಯಾಂಡ್ ಮುಟ್ಟಿರುತ್ತೆ. ಕಾನೂನು ಹಾಕಿರೋ ಬೀಗಕ್ಕೆ ಅರ್ಥ ಬರೋದು ನೀವು ಅಲ್ಲೂ ಬಾಯಿ ಕಟ್ಟಿದಾಗ.

ಕೋರ್ಟಿಗೆ ಹೋಗೋರಿಗೆ ನನ್ನ ಮಾತು ಇಷ್ಟೇ. ವಕೀಲರಿಗೆ ಎಲ್ಲ ಹೇಳಿ, ನಿಮಗೆ ವಿರುದ್ಧ ಇರೋದನ್ನ ಮೊದಲು ಹೇಳಿ. ಅವರಿಗೆ ಹೇಳಿದ್ದನ್ನ, ಅವರು ಹೇಳಿದ್ದನ್ನ ನಾಲ್ಕು ಜನರ ಗ್ರೂಪಿಗೆ ಹಾಕಬೇಡಿ. ಕಾಗದ ಬಚ್ಚಿಟ್ಟರೆ ಉಳಿಯುತ್ತೆ ಅನ್ನೋ ಭ್ರಮೆ ಬೇಡ. ಮೀಡಿಯೇಶನ್‌ಗೆ ಕರೆದರೆ ಹೆದರದೆ ಹೋಗಿ, ಮನಸ್ಸು ಬಿಚ್ಚಿ ಮಾತಾಡಿ. ಮನೆ ಗುಟ್ಟನ್ನ ಕಾನೂನು ಒಂದು ಮಟ್ಟಕ್ಕೆ ಕಾಯುತ್ತೆ. ಉಳಿದದ್ದನ್ನ ನಾವೇ ಕಾಯಬೇಕು.

ಯೋಚನೆ ಮಾಡಿ.